ತಮ್ಮನಿಗೆ ಬೈಪೋಲಾರ್: ಮನೆಯವರು ಎಷ್ಟು ಒಳಗೆ ಬರಬೇಕು?

ಪ್ರಶ್ನೆ: ನಾನು ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ತವರುಮನೆ ತರೀಕೆರೆ ಹತ್ತಿರ, ಅಡಿಕೆ ತೋಟವಿದೆ. ನನ್ನ ತಮ್ಮನಿಗೆ 29 ವರ್ಷ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಹೋದ ವರ್ಷ ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟ, ರಾತ್ರಿಯೆಲ್ಲ ಫೋನು, ಸಾಲ ಮಾಡಿ ಕಾರು ತಗೊಂಡ, ಆಫೀಸಿನಲ್ಲಿ ಜಗಳ ಮಾಡಿ ಕೆಲಸ ಬಿಟ್ಟ. ಆಸ್ಪತ್ರೆಗೆ ಸೇರಿಸಬೇಕಾಯಿತು, ಬೈಪೋಲಾರ್ ಅಂದರು. ಆಮೇಲೆ ಮೂರು ತಿಂಗಳು ಮಂಕಾಗಿ ಮಲಗಿಬಿಟ್ಟಿದ್ದ. ಈಗ ಲಿಥಿಯಂ ಮಾತ್ರೆ ತಗೊಳ್ತಾ ಚೆನ್ನಾಗಿದ್ದಾನೆ, ತೋಟ ನೋಡ್ಕೊಳ್ತಾನೆ, ಮತ್ತೆ ಬೆಂಗಳೂರಿಗೆ ಹೋಗ್ತೀನಿ ಅಂತಿದ್ದಾನೆ. ಅಮ್ಮ ದಿನಾ ಮಾತ್ರೆ ಎಣಿಸ್ತಾರೆ. ನಡುವೆ ಅವನು ಬೇಡ ಅಂದಾಗ ಕಾಫಿಗೆ ಹಾಕಿ ಕೊಟ್ಟಿದ್ದೂ ಉಂಟು. ಅಪ್ಪ ‘ಮದುವೆ ಮಾಡಿದ್ರೆ ಎಲ್ಲ ಸರಿಹೋಗುತ್ತೆ’ ಅಂತ ಜಾತಕ ತೆಗೆಸಿದ್ದಾರೆ. ಡಾಕ್ಟರು ಮುಂದಿನ ಸಲ ಮನೆಯವರಿಬ್ಬರನ್ನು ಕರೆದುಕೊಂಡು ಬನ್ನಿ ಅಂದರೆ, ತಮ್ಮ ‘ನಿಮಗೇನು ಕೆಲಸ ಅಲ್ಲಿ, ನನ್ನ ಕಾಯಿಲೆ ನಾನು ನೋಡ್ಕೊಳ್ತೀನಿ’ ಅನ್ನುತ್ತಾನೆ. ನಾವು ಎಷ್ಟು ಒಳಗೆ ಹೋಗಬೇಕು? ನಾನು ಸಂಬಳವಿಲ್ಲದ ರಜೆ ಹಾಕಿ ತವರಿಗೆ ಬಂದು ಇರಲೇ?

ಉತ್ತರ: ನಿಮ್ಮ ಡಾಕ್ಟರು ಮನೆಯವರನ್ನು ಕರೆದದ್ದು ಸರಿ. ನಿಮ್ಮ ತಮ್ಮ ‘ನಿಮಗೇನು ಕೆಲಸ’ ಅಂದದ್ದಕ್ಕೂ ಕಾರಣವಿದೆ. ಬೈಪೋಲಾರ್ ಅಂದರೆ ಮನಸ್ಸು ಕೆಲವು ಕಾಲ ಅತಿಯಾಗಿ ಏರಿ (ಇದೇ ಮೇನಿಯಾ), ಕೆಲವು ಕಾಲ ಖಿನ್ನತೆಗೆ ಇಳಿಯುವ ಕಾಯಿಲೆ. ಅದರ ಆರೈಕೆಯಲ್ಲಿ ಮನೆಯವರು ಇರಲೇಬೇಕು. ಆದರೆ ಯಾರು, ಯಾವ ವಿಷಯದಲ್ಲಿ, ಯಾವಾಗ ಎಂಬುದನ್ನು ಅವನು ಚೆನ್ನಾಗಿರುವ ದಿನಗಳಲ್ಲಿ ಅವನೇ ಕೂತು ಒಪ್ಪಿಕೊಂಡಿರಬೇಕು. ನಿಮ್ಮ ಮನೆಯಲ್ಲಿ ಪ್ರೀತಿಗೆ ಕೊರತೆ ಕಾಣುತ್ತಿಲ್ಲ. ಆ ಒಪ್ಪಂದ ಒಂದು ಇನ್ನೂ ಆಗಿಲ್ಲ.

ಮನೆಯವರು ಯಾಕೆ ಬೇಕು ಎಂಬುದನ್ನು ಮೊದಲು ಹೇಳುತ್ತೇನೆ. ಸಕ್ಕರೆ, ಬಿಪಿ ಇರುವವರಿಗೆ ಕಾಯಿಲೆ ಹೆಚ್ಚಾದರೆ ಸುಸ್ತಾಗುತ್ತದೆ, ತಲೆ ಸುತ್ತುತ್ತದೆ, ಅವರೇ ಆಸ್ಪತ್ರೆಗೆ ಬರುತ್ತಾರೆ. ಮೇನಿಯಾ ಶುರುವಾದಾಗ ಹಾಗಾಗುವುದಿಲ್ಲ. ಮನುಷ್ಯನಿಗೆ ಜೀವನದಲ್ಲೇ ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲ ಅನ್ನಿಸುತ್ತದೆ. ಮೂರು ತಾಸು ಮಲಗಿದರೂ ದಣಿವಿಲ್ಲ, ತಲೆಯ ತುಂಬ ಯೋಜನೆಗಳು, ಯಾರನ್ನು ಕಂಡರೂ ಮಾತು. ಆಸ್ಪತ್ರೆಗೆ ಹೋಗಬೇಕು ಎಂದು ಅವನಿಗೆ ಯಾಕನ್ನಿಸಬೇಕು? ಕಾಯಿಲೆ ಏರುತ್ತಿದೆ ಎಂಬುದು ಮೊದಲು ಕಾಣುವುದು ಒಂದೇ ಸೂರಿನಡಿ ಇರುವವರಿಗೆ. ಒಪಿಡಿಯಲ್ಲಿ ಹತ್ತು ನಿಮಿಷ ನೋಡುವ ನನಗೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ‘ಚೆನ್ನಾಗಿದ್ದೀನಿ ಸಾರ್’ ಅನ್ನುವ ಹುಡುಗ ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಮಲಗಿದ ಎಂದು ಗೊತ್ತಾಗುವುದು ಮನೆಯವರು ಹೇಳಿದರೆ ಮಾತ್ರ.

ನಮ್ಮ ದೇಶದ ಮನೋವೈದ್ಯಕ್ಕೆ ಇದು ಹೊಸದೂ ಅಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರೂ ಉಳಿಯುವಂತೆ ಮಾಡಿದರು. ಒಮ್ಮೆ ಒಳಗೆ ಹೋದವರು ವರ್ಷಗಟ್ಟಲೆ ಹೊರಗೆ ಬರದ ಕಾಲ ಅದು. ಮನೆಯವರು ಜೊತೆಗಿದ್ದು ನೋಡಿ ಕಲಿತರು, ಬೇಗ ಕರೆದುಕೊಂಡು ಹೋದರು. ಆಮೇಲೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲೂ ಕುಟುಂಬವನ್ನು ಜೊತೆಗಿಟ್ಟುಕೊಳ್ಳುವ ಪದ್ಧತಿ ಬೆಳೆಯಿತು. ಇವತ್ತಿಗೂ ಜಿಲ್ಲಾಸ್ಪತ್ರೆಯ ವಾರ್ಡಿಗೆ ಹೋದರೆ ಮಂಚದ ಪಕ್ಕದಲ್ಲಿ ಅಮ್ಮನೋ ಅಣ್ಣನೋ ಕೂತಿರುತ್ತಾರೆ.

ಆದರೆ ಪಕ್ಕದಲ್ಲಿ ಕೂತಿದ್ದರೆ ಸಾಲದು, ಹೇಗೆ ಕೂತಿರುತ್ತೇವೆ ಎಂಬುದೂ ಕಾಯಿಲೆಯ ದಾರಿಯನ್ನು ಬದಲಿಸುತ್ತದೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ಸ್ಕಿಜೋಫ್ರೀನಿಯಾ (ಭ್ರಮೆ, ಇಲ್ಲದ ದನಿ ಕೇಳುವಂಥ ತೀವ್ರ ಮನೋರೋಗ) ಇರುವವರ ಮನೆಗಳನ್ನು ಗಮನಿಸಿ ಒಂದು ಸಂಗತಿ ಕಂಡುಕೊಂಡರು. ಮನೆಯವರ ಮಾತಿನಲ್ಲಿ ಚುಚ್ಚುವಿಕೆ, ಸಿಟ್ಟು ಅಥವಾ ಅತಿಯಾದ ಕಾಳಜಿ ಹೆಚ್ಚಿದ್ದರೆ ಆಸ್ಪತ್ರೆಯಿಂದ ಗುಣವಾಗಿ ಹೋದವರಲ್ಲಿ ಕಾಯಿಲೆ ಬೇಗ ಮರುಕಳಿಸುತ್ತಿತ್ತು. 1988ರಲ್ಲಿ ಅಮೆರಿಕದ ಡೇವಿಡ್ ಮಿಕ್ಲೋವಿಟ್ಜ್ ತಂಡ ಬೈಪೋಲಾರ್‌ನಲ್ಲೂ ಅದನ್ನೇ ಕಂಡಿತು. ಇದನ್ನು ಓದಿ ‘ಹಾಗಾದರೆ ಅಮ್ಮನಿಂದಲೇ ಕಾಯಿಲೆ ಬಂತಾ’ ಎಂದು ದಯವಿಟ್ಟು ತಿಳಿಯಬೇಡಿ. ಕಾಯಿಲೆ ಬರುವುದು ಹೆಚ್ಚಾಗಿ ಹುಟ್ಟಿನಿಂದ ಬಂದ ಪ್ರವೃತ್ತಿಯಿಂದ, ಯಾರ ಮಾತಿನಿಂದಲೂ ಅಲ್ಲ. ಚುಚ್ಚುಮಾತು, ಅತಿ ಕಾಳಜಿ ಎರಡೂ ಹುಟ್ಟುವುದು ಭಯದಿಂದ. ಹೋದ ವರ್ಷ ನಿಮ್ಮ ತಾಯಿ ಕಂಡದ್ದನ್ನು ಕಂಡವರು ಯಾರೇ ಆದರೂ ಮಾತ್ರೆ ಎಣಿಸಿಯಾರು.

ಸಂತೋಷದ ವಿಷಯವೆಂದರೆ ಮನೆಯ ಈ ಗಾಳಿಯನ್ನು ಬದಲಿಸಬಹುದು. ಮಿಕ್ಲೋವಿಟ್ಜ್ ತಂಡ ರೋಗಿ ಮತ್ತು ಮನೆಯವರನ್ನು ಒಟ್ಟಿಗೆ ಕೂರಿಸಿ 9 ತಿಂಗಳಲ್ಲಿ 21 ಬೈಠಕ್ ಮಾಡುವ ಒಂದು ಚಿಕಿತ್ಸೆಯನ್ನು ರೂಪಿಸಿತು. ಮೊದಲು ಕಾಯಿಲೆಯ ತಿಳಿವಳಿಕೆ, ಆಮೇಲೆ ಒಬ್ಬರ ಜೊತೆ ಒಬ್ಬರು ಮಾತಾಡುವ ಅಭ್ಯಾಸ, ಕೊನೆಗೆ ಸಾಲ, ಕೆಲಸದಂಥ ಸಮಸ್ಯೆಗಳನ್ನು ಒಟ್ಟಿಗೆ ಬಿಡಿಸುವುದು. ಎಲ್ಲರೂ ಮಾತ್ರೆಯನ್ನು ಎಂದಿನಂತೆ ತೆಗೆದುಕೊಳ್ಳುತ್ತಲೇ ಇದ್ದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿದ್ದವರು 101 ಮಂದಿ. ಎರಡು ವರ್ಷದಲ್ಲಿ ಈ ಚಿಕಿತ್ಸೆ ಸಿಕ್ಕವರ ಪೈಕಿ ಶೇ 35ರಷ್ಟು ಜನರಿಗೆ ಕಾಯಿಲೆ ಮರುಕಳಿಸಿತು, ಬರೀ ತುರ್ತಿಗೆ ಸಹಾಯ ಸಿಕ್ಕವರಲ್ಲಿ ಶೇ 54ರಷ್ಟು ಜನರಿಗೆ. ನನಗೆ ಇದಕ್ಕಿಂತ ಕುತೂಹಲದ್ದು ಬಾರ್ಸಿಲೋನಾದ ಒಂದು ತಂಡ 2008ರಲ್ಲಿ ಪ್ರಕಟಿಸಿದ್ದು. ಅಲ್ಲಿ 12 ತರಗತಿಗೆ ಬಂದದ್ದು ಮನೆಯವರು ಮಾತ್ರ, ರೋಗಿಗಳು ಬರಲೇ ಇಲ್ಲ. ಆದರೂ ರೋಗಿಗಳಲ್ಲಿ ಮೇನಿಯಾ ಮರುಕಳಿಸುವುದು ಕಡಿಮೆಯಾಯಿತು. ನಿಮ್ಮ ತಮ್ಮ ಸದ್ಯಕ್ಕೆ ಬೇಡ ಅಂದರೂ, ನೀವು ಮತ್ತು ನಿಮ್ಮ ತಂದೆತಾಯಿ ಕಾಯಿಲೆಯ ಬಗ್ಗೆ ಕಲಿಯುವುದು ವ್ಯರ್ಥವಲ್ಲ ಎಂದು ನಾನು ಧೈರ್ಯವಾಗಿ ಹೇಳುವುದು ಇದರಿಂದಲೇ.

ಇನ್ನು ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ, ಯಾಕೆಂದರೆ ಕಾಗದದಲ್ಲಿ ಅವನ ದನಿ ಒಂದೇ ಒಂದು ಸಾಲಿನಲ್ಲಿದೆ. ಈ ಕಾಯಿಲೆ ಇರುವವರು ನಮ್ಮ ಮುಂದೆ ಒಬ್ಬರೇ ಕೂತಾಗ ಹೇಳಿಕೊಳ್ಳುವ ದೊಡ್ಡ ನೋವು ಮಾತ್ರೆಯದ್ದಲ್ಲ, ಕೈ ನಡುಗುವುದೂ ಅಲ್ಲ. ‘ಸಾರ್, ನಾನು ಜೋರಾಗಿ ನಕ್ಕರೆ ಅಮ್ಮ ಅಪ್ಪನ ಮುಖ ನೋಡ್ತಾರೆ.’ ಹೊಸ ಅಂಗಿ ತಂದರೆ ‘ಮಾತ್ರೆ ತಗೊಂಡ್ಯಾ?’ ಅಪ್ಪನ ಜೊತೆ ತೋಟದ ವಿಷಯಕ್ಕೆ ಭಿನ್ನಾಭಿಪ್ರಾಯ ಬಂದರೆ ‘ಮತ್ತೆ ಶುರುವಾಯ್ತು ಇವನಿಗೆ.’ ಬೇರೆಯವರಿಗೆ ಸಿಟ್ಟು ಬಂದರೆ ಅದು ಸಿಟ್ಟು, ಅವನಿಗೆ ಬಂದರೆ ಅದು ರೋಗಲಕ್ಷಣ. ಹೀಗೆ ಬದುಕುವವನು ಕೊನೆಗೆ ನಗುವುದನ್ನೂ ಮನೆಯಿಂದ ಬಚ್ಚಿಡಲು ಕಲಿಯುತ್ತಾನೆ. ಹಾಗೆ ಬಚ್ಚಿಡಲು ಕಲಿತವನು ನಿಜವಾಗಿ ನಿದ್ದೆ ಕೆಟ್ಟ ದಿನ ಅದನ್ನೂ ಬಚ್ಚಿಡುತ್ತಾನೆ. ಎಡೆಬಿಡದ ಕಣ್ಗಾವಲಿನಿಂದ ನಿಮಗೆ ಸಿಗುವ ಮಾಹಿತಿ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ.

ಹಾಗಾಗಿ ನಾನು ಮನೆಗಳಿಗೆ ಹೇಳುವುದು, ಅವನನ್ನು ಗಮನಿಸುವುದನ್ನು ನಿಲ್ಲಿಸಿ, ನಾಲ್ಕೇ ನಾಲ್ಕು ಗುರುತುಗಳನ್ನು ಗಮನಿಸಿ ಎಂದು. ಆ ಗುರುತುಗಳನ್ನು ಅವನೇ ಆರಿಸಿಕೊಡಲಿ. ಪ್ರತಿಯೊಬ್ಬರಿಗೂ ಮೇನಿಯಾ ಬರುವ ದಾರಿ ಬಹುಮಟ್ಟಿಗೆ ಒಂದೇ ಥರ ಮರುಕಳಿಸುತ್ತದೆ. ಒಬ್ಬರು ಹತ್ತು ವರ್ಷದ ಹಿಂದಿನ ಸ್ನೇಹಿತರಿಗೆಲ್ಲ ಫೋನ್ ಮಾಡಲು ಶುರು ಮಾಡುತ್ತಾರೆ, ಇನ್ನೊಬ್ಬರು ನಸುಕಿಗೇ ಎದ್ದು ತಾಸುಗಟ್ಟಲೆ ಪೂಜೆಗೆ ಕೂರುತ್ತಾರೆ, ಮತ್ತೊಬ್ಬರು ಸ್ಟೇಟಸ್ಸಿಗೆ ದಿನಕ್ಕೆ ಇಪ್ಪತ್ತು ಹಾಕುತ್ತಾರೆ. ಹೆಚ್ಚು ಕಡಿಮೆ ಎಲ್ಲರಲ್ಲೂ ಇರುವ ಗುರುತು ಒಂದು: ನಿದ್ದೆ ಕಡಿಮೆಯಾಗಿಯೂ ದಣಿವಿಲ್ಲದಿರುವುದು. ನಿದ್ದೆ ಬರದೆ ಒದ್ದಾಡಿ ಬೆಳಿಗ್ಗೆ ಸುಸ್ತಾಗಿರುವುದು ಬೇರೆ. ನಾಲ್ಕು ತಾಸು ಮಲಗಿ ಉಲ್ಲಾಸದಿಂದ ಎದ್ದು ಓಡಾಡುವುದು ಬೇರೆ. ಎರಡನೆಯದು ಎರಡು ರಾತ್ರಿ ಸತತವಾಗಿ ಕಂಡರೆ ಡಾಕ್ಟರಿಗೆ ಫೋನು ಹೋಗಬೇಕು.

ನಿಮ್ಮದು ಅಡಿಕೆ ಬೆಳೆಯುವ ಮನೆ, ಆದ್ದರಿಂದ ಹೀಗೆ ಹೇಳುತ್ತೇನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮುಂಚೆ. ಕಾಯಿ ಉದುರಲು ಶುರುವಾದ ಮೇಲೆ ಮರ ಹತ್ತುವ ಕೊನೆಗಾರನನ್ನು ಹುಡುಕಿಕೊಂಡು ಹೋದರೆ ಉಳಿಯುವುದು ಸ್ವಲ್ಪವೇ. ನಿಮ್ಮ ತಮ್ಮ ಈಗ ಚೆನ್ನಾಗಿದ್ದಾನಲ್ಲ, ಇದೇ ಆ ಸಮಯ. ಒಂದು ಭಾನುವಾರ, ಊಟ ಆದಮೇಲೆ, ಅವನ ಮತ್ತು ನಿಮ್ಮ ನಡುವೆ ಒಂದು ಹಾಳೆ ಇಟ್ಟುಕೊಂಡು ಕೂರಿ. ಬರೆಯುವವನು ಅವನೇ ಆಗಿರಲಿ. ಹೋದ ವರ್ಷ ಮೊದಲು ಬದಲಾದದ್ದು ಏನು? ಆಗ ನಾವು ಮಾಡಿದ್ದರಲ್ಲಿ ನಿನಗೆ ಸಹಾಯವಾದದ್ದು ಯಾವುದು, ಅವಮಾನವಾದದ್ದು ಯಾವುದು? ಮತ್ತೆ ಹಾಗಾದರೆ ನಿನಗೆ ಹೇಳಬೇಕಾದವರು ಯಾರು, ಯಾವ ಮಾತಿನಲ್ಲಿ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಅಪ್ಪ ಹೇಳಿದರೆ ಆಜ್ಞೆಯಂತೆ ಕೇಳಿಸುವ ಮಾತು ಅಕ್ಕ ಹೇಳಿದರೆ, ಒಬ್ಬ ಹಳೆಯ ಗೆಳೆಯ ಹೇಳಿದರೆ ಕಿವಿಗೆ ಬೀಳುತ್ತದೆ. ಒಬ್ಬರೇ ಹೇಳಬೇಕು. ಐದು ಜನ ಸುತ್ತ ನಿಂತು ಹೇಳಿದರೆ ಯಾವ ಆರೋಗ್ಯವಂತನೂ ಸಿಟ್ಟಿಗೇಳುತ್ತಾನೆ.

ಹಾಳೆಯಲ್ಲಿ ದುಡ್ಡಿನ ವಿಷಯಕ್ಕೂ ಜಾಗವಿರಲಿ. ಮೇನಿಯಾ ಇಳಿದ ಮೇಲೆ ಎಷ್ಟೋ ಮನೆಗಳನ್ನು ಕಾಡುವುದು ಆಗ ಮಾಡಿದ ಸಾಲ, ಮಾರಿದ ಬಂಗಾರ, ಯಾರ್ಯಾರಿಗೋ ಕೊಟ್ಟ ಕೈಗಡ. ನಿದ್ದೆಯ ಗುರುತು ಕಂಡ ದಿನದಿಂದ ಯುಪಿಐ ಮಿತಿ ತಗ್ಗಿಸುವುದು, ಕ್ರೆಡಿಟ್ ಕಾರ್ಡನ್ನು ನಿಮ್ಮ ಕೈಗೆ ಕೊಡುವುದು, ದೊಡ್ಡ ಖರೀದಿಯನ್ನು ಎರಡು ರಾತ್ರಿ ಕಳೆದ ಮೇಲೆ ಇಬ್ಬರಿಗೆ ಹೇಳಿ ಮಾಡುವುದು, ಗಾಡಿಯ ಕೀಲಿ ಅಪ್ಪನ ಹತ್ತಿರ ಇಡುವುದು. ಇವನ್ನು ಅವನು ಚೆನ್ನಾಗಿರುವಾಗ ಅವನ ಬಾಯಿಂದಲೇ ಹೇಳಿಸಿ ಬರೆಸಿಕೊಂಡಿದ್ದರೆ ಆ ದಿನ ನೀವು ಕಸಿದುಕೊಂಡಂತಾಗುವುದಿಲ್ಲ, ಅವನ ಮಾತನ್ನು ಅವನಿಗೆ ನೆನಪಿಸಿದಂತಾಗುತ್ತದೆ. ಆ ದಿನ ಅವನು ರೇಗುವುದಿಲ್ಲ ಎಂದು ನಾನು ಹೇಳಲಾರೆ. ಆದರೂ ತನ್ನದೇ ಕೈಬರಹದ ಮುಂದೆ ಜಗಳ ಬೇಗ ಇಳಿಯುವುದನ್ನು ಕಂಡಿದ್ದೇನೆ.

ನಿದ್ದೆಯ ಬಗ್ಗೆ ಇನ್ನೊಂದು ಮಾತು, ಇದರಲ್ಲಿ ಮನೆಯವರ ಪಾತ್ರ ನಿಜಕ್ಕೂ ದೊಡ್ಡದು. ಒಂದೇ ಒಂದು ರಾತ್ರಿಯ ಜಾಗರಣೆ ಕೆಲವರಲ್ಲಿ ಮೇನಿಯಾ ಹಚ್ಚಬಲ್ಲದು. ನಮ್ಮ ಕಡೆ ಅದಕ್ಕೆ ಸಂದರ್ಭಗಳು ಕಡಿಮೆಯೇ? ಶಿವರಾತ್ರಿ, ಊರ ಜಾತ್ರೆ, ರಾತ್ರಿಯೆಲ್ಲ ಯಕ್ಷಗಾನ, ಮದುವೆಮನೆಯಲ್ಲಿ ಹಿಂದಿನ ರಾತ್ರಿಯ ಕೆಲಸ, ಸ್ಲೀಪರ್ ಬಸ್ಸಿನ ಪ್ರಯಾಣ. ‘ಒಂದು ದಿನ ತಾನೆ’ ಎಂದು ಒತ್ತಾಯ ಮಾಡುವವರೂ ಮನೆಯವರೇ, ಆಮೇಲೆ ಆಸ್ಪತ್ರೆಗೆ ಓಡುವವರೂ ಮನೆಯವರೇ. ಅವನಿಗೆ ಹತ್ತೂವರೆಗೆ ಮಲಗುವ ಹಕ್ಕನ್ನು ನೆಂಟರ ಮುಂದೆ ಕಾಪಾಡಿಕೊಡಿ. ‘ಅವನು ಬೆಳಿಗ್ಗೆ ಬೇಗ ಏಳಬೇಕು’ ಎಂದರೆ ಸಾಕು, ಕಾಯಿಲೆಯ ಹೆಸರು ಎತ್ತಬೇಕಿಲ್ಲ. ಊಟ, ಓಡಾಟ, ಮಲಗುವ ಹೊತ್ತು ದಿನಾ ಒಂದೇ ಸಮಯಕ್ಕೆ ಆಗುವುದೂ ಈ ಕಾಯಿಲೆಗೆ ಚಿಕಿತ್ಸೆಯ ಒಂದು ಭಾಗವೇ.

ಈಗ ಕಾಫಿಯ ವಿಷಯ. ನಿಮ್ಮ ತಾಯಿಗೆ ಇದನ್ನು ಗದರಿ ಹೇಳಬೇಡಿ, ಆದರೆ ಇನ್ನು ಮುಂದೆ ಖಂಡಿತ ಮಾಡಬಾರದು. ಹೇಳದೆ ಮಾತ್ರೆ ಬೆರೆಸಿಕೊಡುವುದು ನಮ್ಮ ಮನೆಗಳಲ್ಲಿ ಎಷ್ಟು ಸಾಮಾನ್ಯವೆಂದು ಬಲ್ಲೆ. ಲಿಥಿಯಂ ವಿಷಯದಲ್ಲಿ ಅದು ಅಪಾಯವೂ ಹೌದು. ಈ ಔಷಧ ಕೆಲಸ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಚಿಕ್ಕದು. ಸಾಮಾನ್ಯವಾಗಿ ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರುವಂತೆ ನೋಡಿಕೊಳ್ಳುತ್ತೇವೆ. ಅಮ್ಮ ಕಾಫಿಯಲ್ಲಿ ಕೊಟ್ಟದ್ದು ಗೊತ್ತಿಲ್ಲದೆ ಅವನೂ ಒಂದು ನುಂಗಿದರೆ? ನಿಧಾನಕ್ಕೆ ಕರಗಲೆಂದು ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಅರ್ಧ ಕಾಫಿ ಕುಡಿದು ಲೋಟ ಇಟ್ಟರೆ ಎಷ್ಟು ಹೋಯಿತೆಂದು ಯಾರಿಗೆ ಗೊತ್ತು? ಆ ಲೆಕ್ಕ ತಪ್ಪಿದರೆ ರಕ್ತಪರೀಕ್ಷೆಯ ಅಂಕಿ ನೋಡಿ ಡಾಕ್ಟರು ಮಾಡುವ ತೀರ್ಮಾನವೂ ತಪ್ಪುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಗೊತ್ತಾದ ದಿನ ಅವನು ಮಾತ್ರೆಯನ್ನಷ್ಟೇ ಅಲ್ಲ, ಅಮ್ಮನ ಕೈಯ ಅಡುಗೆಯನ್ನೂ ನಂಬುವುದಿಲ್ಲ. ಹಿಂದೆ ಹೀಗೆ ಕೊಟ್ಟದ್ದನ್ನು ಡಾಕ್ಟರಿಗೆ ಹೇಳಿ. ಅವನಿಗೆ ಹೇಗೆ, ಯಾವಾಗ ಹೇಳುವುದು ಎಂಬುದನ್ನು ಅವರ ಜೊತೆ ಕೂತು ತೀರ್ಮಾನಿಸಿ.

ಅವನು ಆಗ ಮಾತ್ರೆ ಬೇಡ ಅಂದದ್ದು ಯಾಕೆ ಎಂದು ಯಾರಾದರೂ ಕೇಳಿದ್ದೀರಾ? ಲಿಥಿಯಂನಿಂದ ಬಾಯಾರಿಕೆ, ಪದೇ ಪದೇ ಮೂತ್ರ, ಕೈ ಸಣ್ಣಗೆ ನಡುಗುವುದು, ತೂಕ ಹೆಚ್ಚುವುದು, ತಲೆ ಚುರುಕಿಲ್ಲ ಅನ್ನಿಸುವುದು ಇವೆಲ್ಲ ಆಗುತ್ತವೆ. ಬಹಳಷ್ಟಕ್ಕೆ ಪರಿಹಾರವಿದೆ: ಪ್ರಮಾಣ ತಗ್ಗಿಸಬಹುದು, ಹೊತ್ತು ಬದಲಿಸಬಹುದು, ಬೇರೆ ಔಷಧಕ್ಕೆ ಹೋಗಬಹುದು. ‘ತಗೋ’ ಅನ್ನುವುದಕ್ಕಿಂತ ‘ಇದರಿಂದ ನಿನಗೇನು ತೊಂದರೆ ಆಗ್ತಿದೆ, ಅದನ್ನ ಡಾಕ್ಟರಿಗೆ ಹೇಳೋಣ’ ಅನ್ನುವುದು ಎಷ್ಟೋ ವಾಸಿ. ತಾನಾಗಿ ಒಮ್ಮೆಲೇ ನಿಲ್ಲಿಸಿದರೆ ಮೇನಿಯಾ ಬೇಗ ತಿರುಗಿ ಬರುವ ಅಪಾಯ ಹೆಚ್ಚು ಎಂಬುದು ಮಾತ್ರ ಅವನಿಗೂ ಸ್ಪಷ್ಟವಾಗಿ ಗೊತ್ತಿರಬೇಕು.

ಮಾತ್ರೆ ಎಣಿಸುವ ಬದಲು ನಿಮ್ಮ ತಾಯಿ ಕಲಿಯಬೇಕಾದ್ದು ಇದು. ವಾಂತಿ ಭೇದಿ, ಜೋರು ಜ್ವರ, ಬಿಸಿಲಲ್ಲಿ ಬೆವರು, ನೀರೂ ಕುಡಿಯದ ಉಪವಾಸ, ಇದ್ದಕ್ಕಿದ್ದಂತೆ ಉಪ್ಪು ಬಿಡುವುದು, ಇವುಗಳಿಂದ ರಕ್ತದಲ್ಲಿ ಲಿಥಿಯಂ ಏರುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳಿಂದಲೂ ಏರುತ್ತದೆ. ಬಿಪಿಯ ಕೆಲವು ಮಾತ್ರೆಗಳೂ ಹಾಗೆಯೇ. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು, ವಾಂತಿ, ಮಂಪರು ಕಂಡರೆ ಮುಂದಿನ ಡೋಸ್ ಕೊಡದೆ ನೇರ ಆಸ್ಪತ್ರೆಗೆ. ರಕ್ತಪರೀಕ್ಷೆಗೆ ಹೋಗುವ ದಿನ ರಾತ್ರಿಯ ಮಾತ್ರೆ ತೆಗೆದುಕೊಂಡು 12 ತಾಸು ಆದಮೇಲೆ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಬೇಕು. ಥೈರಾಯಿಡ್ ಮತ್ತು ಕಿಡ್ನಿಯ ಪರೀಕ್ಷೆ ಸುಮಾರು ಆರು ತಿಂಗಳಿಗೊಮ್ಮೆ ಆಗುತ್ತಿರಬೇಕು.

ಮಂಕಾಗಿ ಮಲಗಿದ್ದ ಆ ಮೂರು ತಿಂಗಳ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಮನೆಗಳು ಸಾಮಾನ್ಯವಾಗಿ ಹೀಗೆಯೇ: ಗಲಾಟೆ ಮಾಡಿದ ದಿನಗಳು ನೆನಪಿರುತ್ತವೆ, ಸದ್ದಿಲ್ಲದ ದಿನಗಳನ್ನು ‘ಸದ್ಯ, ಸುಮ್ಮನಿದ್ದಾನೆ’ ಎಂದು ಬಿಟ್ಟುಬಿಡುತ್ತೇವೆ. ಬೈಪೋಲಾರ್ ಇರುವವರ ಜೀವಕ್ಕೆ ಹೆಚ್ಚು ಅಪಾಯ ಇರುವುದು ಈ ಖಿನ್ನತೆಯ ಕಾಲದಲ್ಲಿ, ಅದರಲ್ಲೂ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳಲ್ಲಿ. ಮೇನಿಯಾದಲ್ಲಿ ಮಾಡಿದ್ದೆಲ್ಲ ಒಂದೊಂದಾಗಿ ನೆನಪಾಗುವ, ಸಾಲಗಾರರು ಫೋನ್ ಮಾಡುವ ಕಾಲವೂ ಅದೇ. ಆಗ ಕಾರಿನ ಮಾತು ಎತ್ತಬೇಡಿ. ‘ಎದ್ದು ಓಡಾಡು, ಮನಸ್ಸು ಗಟ್ಟಿ ಮಾಡ್ಕೋ’ ಅನ್ನುವುದೂ ಬೇಡ. ಗಟ್ಟಿ ಮಾಡಿಕೊಳ್ಳಲು ಆಗುತ್ತಿದ್ದರೆ ಅವನು ಯಾವತ್ತೋ ಎದ್ದಿರುತ್ತಿದ್ದ. ಪಕ್ಕದಲ್ಲಿ ಕೂತು ಊಟ ಮಾಡಿ, ಸಂಜೆ ಹತ್ತು ನಿಮಿಷ ಜೊತೆಗೆ ನಡೆಯಿರಿ. ‘ಬದುಕೋದು ಬೇಡ ಅನ್ನಿಸ್ತಾ ಇದೆಯಾ?’ ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ತೋಟದ ಮನೆಯಲ್ಲಿ ಕ್ರಿಮಿನಾಶಕ, ಕಳೆನಾಶಕ ಇರುತ್ತವೆ. ಅವನ್ನು ಇವತ್ತೇ ಬೀಗ ಹಾಕಿಡಿ, ಕೀಲಿ ಒಬ್ಬರ ಹತ್ತಿರವೇ ಇರಲಿ. ಆ ದಿನಗಳಲ್ಲಿ ತಿಂಗಳಿಡೀ ಬೇಕಾಗುವ ಮಾತ್ರೆಯನ್ನು ಅವನ ಕೋಣೆಯಲ್ಲಿ ಇಡಬೇಡಿ. ಇದನ್ನೂ ಅದೇ ಹಾಳೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ಹೊತ್ತಲ್ಲದ ಹೊತ್ತಿನಲ್ಲಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ಮನೆಯವರೂ ಕರೆ ಮಾಡಬಹುದು. ಜೀವಕ್ಕೆ ಅಪಾಯ ಎದುರಿಗೇ ಕಂಡರೆ ಮಾತ್ರ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ತಮ್ಮನನ್ನು ಒಪ್ಪಿಸುವುದು ಹೇಗೆ? ‘ನಾವೂ ಬರ್ತೀವಿ’ ಎಂದು ಹಟ ಹಿಡಿಯಬೇಡಿ. ‘ಒಂದೇ ಸಲ, ನಾನೊಬ್ಬಳೇ, ಅರ್ಧ ಗಂಟೆ, ಏನು ಮಾತಾಡಬಾರದು ಅನ್ನೋದನ್ನ ನೀನೇ ಹೇಳು’ ಎಂದು ಕೇಳಿ ನೋಡಿ. ಅವನು ಕಾರಿನ ವಿಷಯ ಬೇಡ, ಮದುವೆಯ ವಿಷಯ ಬೇಡ ಅಂದರೆ ಬೇಡ. ಮೊದಲು ಅವನೊಬ್ಬನೇ ಡಾಕ್ಟರ ಜೊತೆ ಮಾತಾಡಲಿ, ಕೊನೆಯ ಹತ್ತು ನಿಮಿಷ ನೀವು ಒಳಗೆ ಹೋಗಿ. ಅವನ ಎದುರಿಗೆ ಹೇಳಲಾಗದ್ದನ್ನು ಅವನ ಹಿಂದೆ ಡಾಕ್ಟರ ಕಿವಿಯಲ್ಲಿ ಹೇಳುವ ಅಭ್ಯಾಸವನ್ನು ಆದಷ್ಟು ಬಿಡಿ. ಅಪಾಯದ ಸಂದರ್ಭ ಮಾತ್ರ ಬೇರೆ: ಆಗ ಅವನ ಒಪ್ಪಿಗೆಗೆ ಕಾಯದೆ ನೀವು ಕಂಡದ್ದನ್ನು ಡಾಕ್ಟರಿಗೆ ತಿಳಿಸಬಹುದು. ಅವನ ಗುಟ್ಟನ್ನು ನಿಮಗೆ ಹೇಳದಿರುವ ಬಾಧ್ಯತೆ ಡಾಕ್ಟರ ಮೇಲಿದೆ, ನಿಮ್ಮ ಮಾತನ್ನು ಕೇಳಬಾರದೆಂಬ ನಿಯಮ ಎಲ್ಲೂ ಇಲ್ಲ.

ಕಾನೂನೂ ಇದೇ ದಿಕ್ಕಿನಲ್ಲಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ವಯಸ್ಕರ ಚಿಕಿತ್ಸೆಯ ತೀರ್ಮಾನ, ಅದಕ್ಕೆ ಬೇಕಾದ ವಿವೇಚನೆ ಅವರಿಗೆ ಇರುವವರೆಗೂ, ಅವರದೇ. ಆದರೆ 14ನೇ ಕಲಂ ಒಂದು ಅನುಕೂಲ ಕೊಟ್ಟಿದೆ. ನಿಮ್ಮ ತಮ್ಮ ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿ ತನಗೆ ನಂಬಿಕೆಯಿರುವ ಒಬ್ಬ ವಯಸ್ಕರನ್ನು ತನ್ನ ಪ್ರತಿನಿಧಿ ಎಂದು ನೇಮಿಸಬಹುದು. ಅವರು ಒಪ್ಪಿ ಬರೆದುಕೊಡಬೇಕು. ಅವರು ಅಪ್ಪನೇ ಆಗಬೇಕೆಂದಿಲ್ಲ, ಹೆಂಡತಿಯೇ ಆಗಬೇಕೆಂದಿಲ್ಲ, ಗೆಳೆಯನೂ ಆಗಬಹುದು, ಮನಸ್ಸು ಬದಲಾದರೆ ಬೇರೆಯವರನ್ನು ಹೆಸರಿಸಬಹುದು. ಪ್ರತಿನಿಧಿಗೆ ತಮ್ಮ ಕೆಲಸ ಮಾಡಲು ಬೇಕಾದಷ್ಟು ಮಾಹಿತಿಯನ್ನು ಡಾಕ್ಟರು ಕೊಡಬಹುದು. ಅವನು ತೀರಾ ಅಸ್ವಸ್ಥನಾಗಿ ತಾನೇ ತೀರ್ಮಾನಿಸಲಾರದ ಸ್ಥಿತಿ ಬಂದರೆ, ಕಾಯ್ದೆಯ ಷರತ್ತುಗಳಿಗೆ ಒಳಪಟ್ಟು ಆಸ್ಪತ್ರೆಗೆ ಸೇರಿಸಲು ಅರ್ಜಿ ಕೊಡುವವರೂ ಅವರೇ. ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚೆಯೇ ಬರೆದಿಡಲು 5ನೇ ಕಲಂನಲ್ಲಿ ಅವಕಾಶವಿದೆ. ಇದನ್ನು ಹೇಳಿದಾಗ ಎಷ್ಟೋ ಹುಡುಗರ ಮುಖ ಬದಲಾಗುತ್ತದೆ. ಮನೆಯವರು ತಮ್ಮ ಮೇಲೆ ಬರುತ್ತಿಲ್ಲ, ತಾವು ಒಬ್ಬರನ್ನು ಆರಿಸುತ್ತಿದ್ದೇವೆ ಎಂಬುದು ಅವರಿಗೆ ಮನದಟ್ಟಾಗುತ್ತದೆ.

ಮದುವೆಯ ವಿಷಯಕ್ಕೆ ನಿಮ್ಮ ತಂದೆಯವರಲ್ಲಿ ನನ್ನ ವಿನಂತಿ. ಮದುವೆ ಯಾವ ಕಾಯಿಲೆಗೂ ಔಷಧವಲ್ಲ. ಬೈಪೋಲಾರ್ ಇರುವವರು ಮದುವೆಯಾಗಿ ಚೆನ್ನಾಗಿ ಬಾಳಿದ್ದನ್ನು ಬೇಕಾದಷ್ಟು ನೋಡಿದ್ದೇವೆ, ಅವನೂ ಬಾಳಬಹುದು. ಆದರೆ ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮಾತ್ರೆಯನ್ನು ಎಲ್ಲಿ ಬಚ್ಚಿಡುವುದು? ಹೊಸ ಹೆಂಡತಿ ನೋಡಬಾರದೆಂದು ಲಿಥಿಯಂ ಬಿಟ್ಟು, ಮದುವೆಮನೆಯ ನಿದ್ದೆಗೇಡೂ ಸೇರಿ, ಕೆಲವೇ ವಾರಗಳಲ್ಲಿ ಆಸ್ಪತ್ರೆಗೆ ಬಂದವರಿದ್ದಾರೆ. ಮುಖ್ಯ ಸಂಗತಿ ಮುಚ್ಚಿಟ್ಟು ಒಪ್ಪಿಗೆ ಪಡೆದಿದ್ದರೆ ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಅಡಿಯಲ್ಲಿ ಮದುವೆಯನ್ನು ರದ್ದು ಮಾಡಿಸಲು ಕೋರ್ಟಿಗೆ ಹೋಗಲೂಬಹುದು. ಕಾನೂನಿನ ಮಾತು ಬಿಡಿ, ಆ ಹೆಣ್ಣುಮಗಳಿಗೆ ಆಗುವ ಅನ್ಯಾಯವನ್ನು ಯೋಚಿಸಿ. ಹಾಗಾಗಿ ಒಂದಷ್ಟು ಕಾಲ ಕಾಯಿಲೆ ಹತೋಟಿಯಲ್ಲಿದ್ದು, ಕೆಲಸ ನೆಲೆಗೊಂಡು, ಅವನೇ ಬೇಕು ಅಂದಾಗ ಹುಡುಕಿ. ಅವನು ಒಪ್ಪಿದ ಮೇಲೆ, ಹುಡುಗಿಗೆ ನೇರವಾಗಿ, ಅವಳ ತಂದೆಯ ಮೂಲಕವಲ್ಲ, ಅವನೇ ಹೇಳಲಿ. ಮಕ್ಕಳಿಗೆ ಬರುತ್ತದೆಯೇ ಎಂದು ಅವರು ಕೇಳುತ್ತಾರೆ. ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸಾಮಾನ್ಯಕ್ಕಿಂತ ಹೆಚ್ಚು, ಹತ್ತರಲ್ಲಿ ಒಬ್ಬರಿಗೆ ಎಂದು ಅಂದಾಜು. ಅಂದರೆ ಬಹುಪಾಲು ಮಕ್ಕಳಿಗೆ ಬರುವುದಿಲ್ಲ.

ಇದನ್ನು ಓದುತ್ತಿರುವ, ಮಗಳಿಗೋ ಸೊಸೆಗೋ ಈ ಕಾಯಿಲೆ ಇರುವ ಮನೆಯವರಿಗೂ ಒಂದು ಮಾತು ಹೇಳಲೇಬೇಕು. ಗರ್ಭ ಧರಿಸುವ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಲ್ಪ್ರೋಯೇಟ್ ಎಂಬ ಔಷಧ ತಕ್ಕುದಲ್ಲ, ಹುಟ್ಟುವ ಮಗುವಿಗೆ ಅಂಗವೈಕಲ್ಯದ ಅಪಾಯವಿದೆ. ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸದೆ, ಗರ್ಭಕ್ಕೆ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ. ಇನ್ನು ಹೆರಿಗೆಯಾದ ಮೊದಲ ವಾರಗಳು ಈ ಕಾಯಿಲೆ ಮರುಕಳಿಸಲು ಅತಿ ಅಪಾಯದ ಕಾಲ. ಬಾಣಂತಿ ಸನ್ನಿ ಎಂದು ಹಿರಿಯರು ಕರೆಯುತ್ತಿದ್ದುದರಲ್ಲಿ ಎಷ್ಟೋ ಬೈಪೋಲಾರೇ. ಬಾಣಂತನಕ್ಕೆ ಬಂದ ಅಮ್ಮ ಮಾಡಬಹುದಾದ ದೊಡ್ಡ ಉಪಕಾರ, ರಾತ್ರಿ ಮಗುವನ್ನು ತಾನು ಎತ್ತಿಕೊಂಡು ಮಗಳಿಗೆ ಆರು ತಾಸಾದರೂ ಒಟ್ಟಿಗೆ ಮಲಗಲು ಬಿಡುವುದು. ತೀರಾ ಕಷ್ಟವಾದರೆ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡ್ ನಿಮ್ಹಾನ್ಸ್‌ನಲ್ಲಿದೆ.

ಬೆಂಗಳೂರಿಗೆ ಹೋಗುತ್ತೇನೆ ಅನ್ನುವವನನ್ನು ತಡೆಯಬೇಡಿ. ಕೆಲಸ, ಗೆಳೆಯರು, ತನ್ನದೇ ಸಂಬಳ ಇವು ಅವನ ಆರೋಗ್ಯಕ್ಕೆ ಬೇಕು. ರಾತ್ರಿ ಪಾಳಿ ಬೇಡವೆಂದು ಮಾತ್ರ ಗಟ್ಟಿಯಾಗಿ ಹೇಳಿ. ಅಲ್ಲಿ ಜೊತೆಗಿರುವ ಒಬ್ಬ ಗೆಳೆಯನಿಗೆ ಕಾಯಿಲೆಯ ವಿಷಯ, ಆ ನಾಲ್ಕು ಗುರುತು ಮತ್ತು ನಿಮ್ಮ ಫೋನ್ ನಂಬರ್ ಗೊತ್ತಿರಲಿ, ಯಾರೆಂದು ಅವನೇ ಆರಿಸಲಿ. ರೂಮಿನಲ್ಲಿ ಒಬ್ಬನೇ ಇರುವುದಕ್ಕಿಂತ ಒಬ್ಬರ ಜೊತೆ ಇರುವುದು ಮೇಲು. ಕುಡಿತ, ಗಾಂಜಾ ಎರಡೂ ಕಾಯಿಲೆಯನ್ನು ಕೆದಕುತ್ತವೆ ಎಂಬುದನ್ನು ಡಾಕ್ಟರ ಬಾಯಿಂದಲೇ ಕೇಳಿಸಿ, ನಿಮ್ಮಿಂದ ಕೇಳಿದರೆ ಬುದ್ಧಿವಾದವಾಗುತ್ತದೆ.

ಕೊನೆಗೆ ನಿಮ್ಮ ರಜೆ. ಹಾಕಬೇಡಿ. ಅವನು ಈಗ ಚೆನ್ನಾಗಿದ್ದಾನೆ. ಚೆನ್ನಾಗಿರುವವನಿಗಾಗಿ ನೀವು ಕೆಲಸ ಬಿಟ್ಟು ಬಂದು ಕೂತರೆ, ತನ್ನಿಂದ ಅಕ್ಕನ ಬಾಳು ಕೆಟ್ಟಿತು ಎಂಬ ಭಾರವೂ ಅವನ ಮೇಲೆ ಬೀಳುತ್ತದೆ. ನಿಮ್ಮ ಮನೆಯಲ್ಲೂ ನಿಮ್ಮನ್ನು ಕಾಯುವವರಿದ್ದಾರೆ. ರಜೆಯನ್ನು ಕೂಡಿಟ್ಟುಕೊಳ್ಳಿ, ಮುಂದೆಂದಾದರೂ ಎರಡು ವಾರ ಆಸ್ಪತ್ರೆಯಲ್ಲಿ ಜೊತೆಗಿರಬೇಕಾಗಿ ಬಂದರೆ ಆಗ ಬೇಕಾಗುತ್ತದೆ. ವಾರಕ್ಕೊಮ್ಮೆ ಅವನಿಗೆ ಫೋನ್ ಮಾಡಿ, ಮಾತ್ರೆಯ ಮಾತೆತ್ತದೆ, ತೋಟದ್ದೋ ಕ್ರಿಕೆಟ್ಟಿನದ್ದೋ ಮಾತಾಡಿ. ಅಮ್ಮನಿಗೆ ಬೇರೆಯಾಗಿ ಮಾಡಿ, ಅವರು ಅಳುವುದಿದ್ದರೆ ನಿಮ್ಮ ಹತ್ತಿರ ಅಳಲಿ. ಅವರಿಗೂ ನಿದ್ದೆ ಬರುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಅನ್ನುವಂತಿದ್ದರೆ ಅವರನ್ನೂ ಡಾಕ್ಟರಿಗೆ ತೋರಿಸಿ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಮನೆಯವರನ್ನೂ ನೋಡುತ್ತಾರೆ. ಮುಂದಿನ ಭೇಟಿಯ ತಾರೀಕಿಗೆ ಮುಂಚಿನ ಭಾನುವಾರ ತರೀಕೆರೆಗೆ ಹೋಗಿ, ಆ ಹಾಳೆಯನ್ನು ಅವನ ಜೊತೆ ಕೂತು ಬರೆಯಿರಿ. ಒಂದು ಪ್ರತಿ ಅವನ ಹತ್ತಿರ, ಒಂದು ನಿಮ್ಮ ಹತ್ತಿರ, ಒಂದು ಡಾಕ್ಟರ ಫೈಲಿನಲ್ಲಿ ಇರಲಿ.